ಮೂರು ದಿನ, ಒಂದು ಕಾರು, ಅಪ್ಪ-ಅಮ್ಮ, ಮಕ್ಕಳು: ಅಮೆರಿಕದ ದಕ್ಷಿಣದಲ್ಲಿ ಯಾವ ಊರಿಗೆ ಹೋಗೋಣ?

ಅಟ್ಲಾಂಟಾ, ಶಾರ್ಲಟ್ ಕಡೆಯ ಕನ್ನಡದ ಮನೆಗಳಲ್ಲಿ ಲಾಂಗ್ ವೀಕೆಂಡ್ ಹತ್ತಿರ ಬಂತೆಂದರೆ ಈ ಪ್ರಶ್ನೆ ಏಳುತ್ತದೆ. ನಯಾಗರ, ವಾಷಿಂಗ್ಟನ್ ಹೋಗಿ ಬಂದಾಗಿರುತ್ತದೆ, ಇಲ್ಲವೇ ಅಷ್ಟು ದುಡ್ಡು, ಅಷ್ಟು ರಜೆ ಈ ಸಲ ಇರುವುದಿಲ್ಲ. ಊರಿಂದ ಬಂದ ಅಪ್ಪ-ಅಮ್ಮ ಮನೆಯೊಳಗೇ ಕೂತು ಕೂತು ಬೇಸತ್ತಿರುತ್ತಾರೆ. ಯಾರೋ ಸವಾನಾ ಅಂತಾರೆ, ಇನ್ಯಾರೋ ಚಟನೂಗ ಅಂತಾರೆ, ಮಗನಿಗೆ ಹಂಟ್ಸ್‌ವಿಲ್‌ನ ರಾಕೆಟ್ ನೋಡಬೇಕು, ಅಪ್ಪನಿಗೆ ಮಾರ್ಟಿನ್ ಲೂಥರ್ ಕಿಂಗ್ ಓಡಾಡಿದ ಬರ್ಮಿಂಗ್‌ಹ್ಯಾಮ್. ಎಲ್ಲವೂ ಒಂದೂವರೆಯಿಂದ ಎರಡೂಕಾಲು ಲಕ್ಷ ಜನಸಂಖ್ಯೆಯ ಊರುಗಳು, ಒಂದಕ್ಕೊಂದು ಹೋಲಿಕೆಯೇ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಊರನ್ನು ಅದರ ಹೆಸರು ನೋಡಿ ಆರಿಸಬಾರದು, ನಿಮ್ಮ ಕಾರಿನಲ್ಲಿ ಎಲ್ಲರಿಗಿಂತ ಕಡಿಮೆ ನಡೆಯಬಲ್ಲವರು ಯಾರೋ ಅವರನ್ನು ನೋಡಿ ಆರಿಸಬೇಕು. ಮಿಕ್ಕವರು ಹೇಗೋ ಹೊಂದಿಕೊಳ್ಳುತ್ತಾರೆ.

ಮೊದಲು ಅಳತೆಗೋಲು

ನಡಿಗೆ ಮೊದಲನೆಯದು. ಎಷ್ಟು ಮೈಲಿ ಅನ್ನುವುದಕ್ಕಿಂತ ಎಷ್ಟು ಮೆಟ್ಟಿಲು, ನೆಲ ಸಮತಟ್ಟೇ, ನಡುನಡುವೆ ಕೂರಲು ಬೆಂಚು ಇದೆಯೇ ಎಂದು ನೋಡಿ. ದಿನಕ್ಕೆ ಮೂರು ಮೈಲಿ ವಾಕಿಂಗ್ ಮಾಡುವ ಅಮ್ಮನೂ ಕಡಿದಾದ ಇಪ್ಪತ್ತು ಕಲ್ಲಿನ ಮೆಟ್ಟಿಲು ಕಂಡರೆ ನಿಂತುಬಿಡುತ್ತಾರೆ.

ಎರಡನೆಯದು ಡ್ರೈವ್. ಅಟ್ಲಾಂಟಾದಿಂದ ಚಟನೂಗ ಸುಮಾರು 120 ಮೈಲಿ, ಬರ್ಮಿಂಗ್‌ಹ್ಯಾಮ್ 150, ಸವಾನಾ 250. ಹಂಟ್ಸ್‌ವಿಲ್ ನಕ್ಷೆಯಲ್ಲಿ ಹತ್ತಿರ ಕಂಡರೂ ನೇರ ಇಂಟರ್‌ಸ್ಟೇಟ್ ಇಲ್ಲ, ಮೂರೂವರೆ ಗಂಟೆ ಹಿಡಿದುಕೊಳ್ಳಿ. ಶಾರ್ಲಟ್‌ನವರಿಗೂ ಸವಾನಾ ನಾಲ್ಕು ಗಂಟೆಯೇ. ನ್ಯಾಶ್‌ವಿಲ್‌ನಲ್ಲಿರುವವರಿಗೆ ಮಾತ್ರ ಹಂಟ್ಸ್‌ವಿಲ್ ಎರಡು ಗಂಟೆಯ ಸಲೀಸು ದಾರಿ. ಟೆಕ್ಸಸ್, ನ್ಯೂಜೆರ್ಸಿಯಿಂದ ಹಾರಿ ಬರುವವರು ಈ ಸಣ್ಣ ಏರ್‌ಪೋರ್ಟುಗಳಿಗೆ ಟಿಕೆಟ್ ಹುಡುಕುವ ಮೊದಲು ಅಟ್ಲಾಂಟಾಗೆ ಇಳಿದು ಬಾಡಿಗೆ ಕಾರು ತೆಗೆದುಕೊಂಡರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಮನೆಮಂದಿಯೆಲ್ಲ ಸೇರಿ ಬರುವುದಾದರೆ ಹೆಚ್ಚಾಗಿ ಅದೇ ಅಗ್ಗ. ರೈಲನ್ನು ನಂಬುವಂತಿಲ್ಲ. ಸವಾನಾ ಮತ್ತು ಬರ್ಮಿಂಗ್‌ಹ್ಯಾಮ್‌ಗೆ ಆಮ್‌ಟ್ರ್ಯಾಕ್ ಇದೆ. 'ಚಟನೂಗ ಚೂ ಚೂ' ಎಂಬ ರೈಲಿನ ಹಾಡಿನಿಂದಲೇ ಲೋಕಪ್ರಸಿದ್ಧವಾದ ಚಟನೂಗಕ್ಕೆ ಇವತ್ತು ಒಂದೂ ಪ್ರಯಾಣಿಕರ ರೈಲು ಬರುವುದಿಲ್ಲ. 1909ರ ಭವ್ಯ ರೈಲ್ವೆ ಸ್ಟೇಷನ್ ಈಗ ಹೋಟೆಲು.

ಮೂರನೆಯದು ಹವೆ. ಜುಲೈ, ಆಗಸ್ಟಿನಲ್ಲಿ ಇಡೀ ದಕ್ಷಿಣ ಬೇಯುತ್ತದೆ. ಮಂಗಳೂರಿನ ಮೇ ತಿಂಗಳು ಗೊತ್ತಿದ್ದವರಿಗೆ ಹೊಸದೇನಲ್ಲ, ಮೈಸೂರು-ಬೆಂಗಳೂರಿನವರಿಗೆ ಕಷ್ಟ. ಆ ಎರಡು ತಿಂಗಳಿಗೆ ಎಸಿ ಇರುವ ಜಾಗ ಹೆಚ್ಚಿರುವ ಊರು ಬೇಕು. ಕರಾವಳಿಗೆ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಅದರಲ್ಲೂ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಜೋರು. ಆಗ ಹೋಗುವುದಾದರೆ ಕೊನೆ ಗಳಿಗೆಯಲ್ಲೂ ಕ್ಯಾನ್ಸಲ್ ಮಾಡಬಹುದಾದ ರೂಮನ್ನೇ ತೆಗೆದುಕೊಳ್ಳಿ.

ದುಡ್ಡಿನ ಲೆಕ್ಕದಲ್ಲಿ ರೂಮಿನ ಬಾಡಿಗೆಯಷ್ಟೇ ಟಿಕೆಟ್ಟುಗಳೂ ತಿನ್ನುತ್ತವೆ. ಆರು ಜನರ ಕುಟುಂಬಕ್ಕೆ ತಲೆಗೆ 25ರಿಂದ 40 ಡಾಲರಿನ ಎರಡು ಟಿಕೆಟ್ ಅಂದರೆ ಒಂದು ರಾತ್ರಿಯ ಹೋಟೆಲು ಹೋಯಿತು.

ಇನ್ನು ಊಟ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಸಸ್ಯಾಹಾರಿಗಳು ಮೋಸ ಹೋಗುವುದು ಇಲ್ಲೇ. ದಕ್ಷಿಣದ ಸಾಂಪ್ರದಾಯಿಕ ಹೋಟೆಲುಗಳ ಮೆನುವಿನಲ್ಲಿ 'ವೆಜಿಟೆಬಲ್ ಪ್ಲೇಟ್' ಎಂದೇ ಇರುತ್ತದೆ. ನಾಲ್ಕು ಬಗೆ ಪಲ್ಯ, ಜೊತೆಗೆ ಕಾರ್ನ್‌ಬ್ರೆಡ್. ನೋಡಿದರೆ ಅಮ್ಮನ ಮುಖ ಅರಳುತ್ತದೆ. ಆದರೆ ಆ ಕಾಲರ್ಡ್ ಸೊಪ್ಪು ಹಂದಿಯ ಕಾಲಿನ ಮೂಳೆಯ ಜೊತೆ ಗಂಟೆಗಟ್ಟಲೆ ಬೆಂದಿರಬಹುದು, ಹುರುಳಿಕಾಯಿಯಲ್ಲಿ ಬೇಕನ್ ಕೊಬ್ಬು ಇರಬಹುದು, ಬಿಸ್ಕಿಟ್ಟಿನ ಹಿಟ್ಟಿಗೆ ಲಾರ್ಡ್ ಎನ್ನುವ ಹಂದಿ ತುಪ್ಪ ಹಾಕಿರಬಹುದು. 'ಮಾಂಸ ಇದೆಯಾ' ಎಂದು ಕೇಳಿದರೆ 'ಇಲ್ಲ' ಅನ್ನುತ್ತಾರೆ, ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಬೇಕನ್, ಹ್ಯಾಮ್, ಲಾರ್ಡ್, ಚಿಕನ್ ಸ್ಟಾಕ್ ಎಂದು ಹೆಸರು ಹಿಡಿದು ಕೇಳಿ. ಮ್ಯಾಕ್ ಆ್ಯಂಡ್ ಚೀಸ್, ಗ್ರಿಟ್ಸ್ ಎನ್ನುವ ಮೆಕ್ಕೆಜೋಳದ ರವೆಯ ಗಂಜಿ, ಕರಿದ ಹಸಿರು ಟೊಮೇಟೊ, ಕರಿದ ಬೆಂಡೆಕಾಯಿ ಸಾಮಾನ್ಯವಾಗಿ ನಡೆಯುತ್ತವೆ. ಕರಿದ ಎಣ್ಣೆಯ ಬಗ್ಗೆ ಕಟ್ಟುನಿಟ್ಟಿರುವವರು ಅದನ್ನೂ ಕೇಳಬೇಕು, ಕರಾವಳಿಯಲ್ಲಿ ಅದೇ ಬಾಣಲೆಗೆ ಸಿಗಡಿಯೂ ಬಿದ್ದಿರುತ್ತದೆ. ಹಿರಿಯರು ಜೊತೆಗಿದ್ದರೆ ಯಾವ ಊರಾದರೂ ಸರಿ, ಅಡುಗೆ ಒಲೆ, ಫ್ರಿಜ್ ಇರುವ ಸೂಟ್ ಹೋಟೆಲ್ ಹಿಡಿದು, ಒಂದು ಸಣ್ಣ ರೈಸ್ ಕುಕ್ಕರ್, ಸಾರಿನ ಪುಡಿ, ಉಪ್ಪಿನಕಾಯಿ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಡಿ. ರಾತ್ರಿ ಒಂದು ಹೊತ್ತು ಅನ್ನ-ಸಾರು ಆಯಿತೆಂದರೆ ಬೆಳಿಗ್ಗೆ ಎಲ್ಲರ ಮೂಡೂ ಸರಿಯಿರುತ್ತದೆ.

ಸವಾನಾ: ಕೂತು ನೋಡುವ ಊರು

ಜಾರ್ಜಿಯಾದ ಅತಿ ಹಳೆಯ ನಗರ. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಇದನ್ನು ಕಟ್ಟಿಸಿದಾಗ ಪ್ರತಿ ಬಡಾವಣೆಯ ನಡುವೆ ಒಂದು ಚೌಕ ಬಿಡಿಸಿದ. ಬೆಳೆಯುತ್ತ ಬೆಳೆಯುತ್ತ 24 ಆದ ಆ ಚೌಕಗಳಲ್ಲಿ 22 ಇವತ್ತಿಗೂ ಇವೆ. ಪ್ರತಿಯೊಂದರಲ್ಲೂ ಲೈವ್ ಓಕ್ ಮರ, ಅದರ ಕೊಂಬೆಗಳಿಂದ ಬೂದು ಬಣ್ಣದ ಜಟೆಯಂತೆ ಇಳಿಬಿದ್ದ ಸ್ಪ್ಯಾನಿಶ್ ಮಾಸ್, ಕೆಳಗೆ ಬೆಂಚು. ಎರಡು ನಿಮಿಷ ನಡೆದರೆ ಇನ್ನೊಂದು ಚೌಕ, ಇನ್ನೊಂದು ಬೆಂಚು. ಮಂಡಿ ನೋವಿನವರಿಗೆ ಇದಕ್ಕಿಂತ ಅನುಕೂಲವಾಗಿ ಕಟ್ಟಿದ ಊರನ್ನು ಅಮೆರಿಕದ ದಕ್ಷಿಣದಲ್ಲಿ ನಾನು ಕಂಡಿಲ್ಲ. ನೆಲ ಪೂರ್ತಿ ಮಟ್ಟಸ. ಇಟ್ಟಿಗೆಯ ಫುಟ್‌ಪಾತನ್ನು ಮರದ ಬೇರು ಎತ್ತಿದ ಕಡೆ ಮಾತ್ರ ಕಾಲಿನ ಕಡೆ ಗಮನ ಇರಲಿ. ಊರೊಳಗೆ ಉಚಿತ ಶಟಲ್ ಬಸ್ಸು ಓಡುತ್ತದೆ, ನದಿ ದಾಟಿಸುವ ದೋಣಿಯೂ ಉಚಿತ.

ಅಪಾಯ ಇರುವುದು ನದಿ ದಂಡೆಯ ರಿವರ್ ಸ್ಟ್ರೀಟಿನಲ್ಲಿ. ಮೇಲಿನ ಬೇ ಸ್ಟ್ರೀಟಿನಿಂದ ಅಲ್ಲಿಗಿಳಿಯುವ ಹಳೆಯ ಕಲ್ಲಿನ ಮೆಟ್ಟಿಲುಗಳು ಕಡಿದು, ಒಂದೊಂದೂ ಒಂದೊಂದು ಎತ್ತರ. ಕೆಳಗೆ ರಸ್ತೆಗೆ ಹಾಸಿರುವುದು ಹಿಂದೆ ಹಡಗುಗಳು ತೂಕಕ್ಕೆಂದು ತುಂಬಿಕೊಂಡು ಬಂದು ಇಲ್ಲಿ ಸುರಿದುಹೋದ ಗುಂಡುಕಲ್ಲು. ಚಪ್ಪಲಿ ಹಾಕಿದ ಅಜ್ಜಿಯ ಕೈ ಬಿಡಬೇಡಿ. ಚಿನ್ನದ ಗುಮ್ಮಟದ ಸಿಟಿ ಹಾಲ್ ಪಕ್ಕದಲ್ಲಿ ಲಿಫ್ಟ್ ಇದೆ, ಅದರಲ್ಲೇ ಇಳಿಸಿ. ಇಳಿಸದೆ ಮಾತ್ರ ಇರಬೇಡಿ, ಏಕೆಂದರೆ ಸವಾನಾದಲ್ಲಿ ಮಕ್ಕಳಿಗೂ ಅಜ್ಜನಿಗೂ ಒಂದೇ ಸಲ ಬಾಯಿ ತೆರೆಸುವ ದೃಶ್ಯ ಅಲ್ಲಿದೆ. ಮೇಲ್ದಂಡೆಯ ಬಂದರಿಗೆ ಹೋಗುವ ದೈತ್ಯ ಕಂಟೇನರ್ ಹಡಗುಗಳು ಅಷ್ಟು ಕಿರಿದಾದ ನದಿಯಲ್ಲಿ ನಿಮ್ಮ ಮುಂದೆಯೇ ಹಾದುಹೋಗುತ್ತವೆ. ಎದುರು ದಂಡೆ ಮರೆಯಾಗುತ್ತದೆ, ಒಂದಿಷ್ಟು ಹೊತ್ತು ಬಣ್ಣಬಣ್ಣದ ಪೆಟ್ಟಿಗೆಗಳ ಗೋಡೆಯೇ ಸರಿಯುತ್ತಿರುತ್ತದೆ. ದಂಡೆಯ ಪೂರ್ವದ ತುದಿಯಲ್ಲಿ ಬಟ್ಟೆ ಬೀಸುತ್ತ ನಿಂತ ಹೆಣ್ಣಿನ ಪ್ರತಿಮೆಯಿದೆ. ಫ್ಲಾರೆನ್ಸ್ ಮಾರ್ಟಸ್ ಎಂಬಾಕೆ 1887ರಿಂದ 1931ರವರೆಗೆ, 44 ವರ್ಷ, ಬಂದುಹೋಗುವ ಹಡಗುಗಳಿಗೆಲ್ಲ ಕೈಬೀಸಿದವಳು. ಯಾಕೆ ಬೀಸುತ್ತಿದ್ದಳು ಎಂಬುದಕ್ಕೆ ಟ್ರಾಲಿ ಗೈಡುಗಳು ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ.

ಚೆಂದ ನೋಡಿ ಬಂದುಬಿಟ್ಟರೆ ಸವಾನಾ ಅರ್ಧ ನೋಡಿದ ಹಾಗೆ. ಈ ಮಹಲುಗಳ ದುಡ್ಡು ಹತ್ತಿಯದು, ಹತ್ತಿ ಗುಲಾಮರ ಬೆವರಿನದು. ಓವೆನ್ಸ್-ಥಾಮಸ್ ಮನೆಯ ಟೂರಿನಲ್ಲಿ ಯಜಮಾನರ ಬಂಗಲೆಯ ಜೊತೆಗೆ ಹಿತ್ತಲಿನ ಗುಲಾಮರ ಕೋಣೆಗಳನ್ನೂ ತೋರಿಸುತ್ತಾರೆ, ಆ ಕೋಣೆಯ ಸೂರಿಗೆ ಅವರೇ ಬಳಿದ ತಿಳಿನೀಲಿ ಬಣ್ಣ ಇನ್ನೂ ಉಳಿದಿದೆ. 1859ರಲ್ಲಿ ಊರಿನ ಹೊರಗಿನ ಕುದುರೆ ರೇಸಿನ ಮೈದಾನದಲ್ಲಿ ಎರಡು ದಿನ ನಡೆದ ಒಂದೇ ಹರಾಜಿನಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಮಾರಿದರು. ಒಂದೇ ಟಿಕೆಟ್ ತೆಗೆದುಕೊಳ್ಳುವುದಾದರೆ ದೆವ್ವದ ಟೂರ್ ಬಿಟ್ಟು ಈ ಮನೆಯದನ್ನು ತೆಗೆದುಕೊಳ್ಳಿ.

ಮೂರನೇ ದಿನಕ್ಕೆ 18 ಮೈಲಿ ದೂರದ ಟೈಬೀ ದ್ವೀಪದ ಬೀಚು. ದಾರಿಯಲ್ಲಿ ಪುಲಾಸ್ಕಿ ಕೋಟೆ, ಗೋಡೆಯಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದ, 1862ರ ಫಿರಂಗಿ ಗುಂಡುಗಳು ಕೊರೆದ ಗುಂಡಿಗಳು ಹಾಗೇ ಇವೆ. ಅಜೇಯ ಎಂದುಕೊಂಡಿದ್ದ ಇಟ್ಟಿಗೆ ಕೋಟೆ ಹೊಸ ಬಗೆಯ ಫಿರಂಗಿಯೆದುರು ಮೂವತ್ತು ಗಂಟೆ ತಾಳಿ ಶರಣಾಯಿತು. ಟೈಬೀ ಲೈಟ್‌ಹೌಸಿಗೆ 178 ಮೆಟ್ಟಿಲು, ಅದು ಮಕ್ಕಳ ಪಾಲಿಗಿರಲಿ.

ಸವಾನಾದ ತೊಂದರೆ ಬಾಡಿಗೆ. ಚೌಕಗಳ ನಡುವಿನ ಹೋಟೆಲುಗಳು ದುಬಾರಿ, ಅದರ ಮೇಲೆ ರಾತ್ರಿಯ ಪಾರ್ಕಿಂಗ್ ಬೇರೆ. ಏರ್‌ಪೋರ್ಟ್ ಹತ್ತಿರದ ಪೂಲರ್‌ನಲ್ಲಿ ಅರ್ಧದಷ್ಟಕ್ಕೂ ರೂಮು ಸಿಗುವುದುಂಟು, ಇಪ್ಪತ್ತು ನಿಮಿಷದ ಡ್ರೈವು. ಆದರೆ ಈ ಊರಿನ ಸೊಗಸು ಬೆಳಿಗ್ಗೆ ಏಳಕ್ಕೆ, ಪ್ರವಾಸಿಗಳು ಏಳುವ ಮೊದಲು, ಕಾಫಿ ಹಿಡಿದು ಚೌಕಕ್ಕೆ ನಡೆದು ಹೋಗುವುದರಲ್ಲಿದೆ. ಹಿರಿಯರು ಜೊತೆಗಿದ್ದರೆ ಮಧ್ಯಾಹ್ನ ರೂಮಿಗೆ ಮರಳಿ ಒಂದು ಗಂಟೆ ಮಲಗಿ ಏಳುವ ಅನುಕೂಲವೂ ಬೇಕು. ಎರಡು ರಾತ್ರಿ ಪೂಲರ್‌ನಲ್ಲಿ ಕಳೆಯುವ ಬದಲು ಒಂದೇ ರಾತ್ರಿ ಊರೊಳಗೆ ಇರುವುದು ಮೇಲು ಎನ್ನುವ ಪಕ್ಷ ನನ್ನದು. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ವಾರ ಆ ಕಡೆ ತಲೆಹಾಕಬೇಡಿ, ಇಡೀ ಊರು ಕುಡಿದಿರುತ್ತದೆ. ಅದಾದ ಮೇಲೆ ಏಪ್ರಿಲ್ ಮಧ್ಯದವರೆಗೆ ಅಜೇಲಿಯಾ ಹೂವಿನ ಕಾಲ, ಅದೇ ಉತ್ತಮ. ವಸಂತದಲ್ಲಿ ಕಣ್ಣಿಗೆ ಕಾಣದ ನುಸಿ ಕಚ್ಚುತ್ತದೆ, ಸಂಜೆ ತುಂಬುತೋಳು ಹಾಕಿ.

ಚಟನೂಗ: ಮಕ್ಕಳಿಗೆ ಹಬ್ಬ, ಜೇಬಿಗೆ ಎಚ್ಚರ

ಟೆನೆಸಿಯ ಈ ಊರನ್ನು 1969ರಲ್ಲಿ ಅಮೆರಿಕದಲ್ಲೇ ಅತಿ ಕೊಳಕು ಗಾಳಿಯ ನಗರ ಎಂದು ಟಿವಿ ಸುದ್ದಿಯಲ್ಲಿ ಹೇಳಿದ್ದರು. ಈಗ ನೋಡಿದರೆ ನಂಬಲಾಗದು. 1992ರಲ್ಲಿ ನದಿ ದಂಡೆಗೆ ಅಕ್ವೇರಿಯಂ ಬಂತು, ಊರೊಳಗೆ ಉಚಿತ ಎಲೆಕ್ಟ್ರಿಕ್ ಬಸ್ಸು ಬಂತು, ಕೆಡವಬೇಕೆಂದಿದ್ದ 1890ರ ದಶಕದ ವಾಲ್ನಟ್ ಸ್ಟ್ರೀಟ್ ಸೇತುವೆಯನ್ನು ಉಳಿಸಿಕೊಂಡು ನಡೆಯುವವರಿಗೆ ಬಿಟ್ಟುಕೊಟ್ಟರು. ಅರ್ಧ ಮೈಲಿಗೂ ಸ್ವಲ್ಪ ಕಡಿಮೆ ಉದ್ದದ ಈ ನೀಲಿ ಸೇತುವೆಯ ಮೇಲೆ ಸಂಜೆ ಹೊತ್ತು ನಡೆದು ಆಚೆ ದಡದ ಕೂಲಿಜ್ ಪಾರ್ಕಿನ ಕುದುರೆ ತಿರುಗಣಿಗೆ ಮಕ್ಕಳನ್ನು ಹತ್ತಿಸಿದರೆ ಅರ್ಧ ದಿನ ಹೆಚ್ಚುಕಡಿಮೆ ಬಿಟ್ಟಿ.

ಖರ್ಚು ಶುರುವಾಗುವುದು ಲುಕ್‌ಔಟ್ ಬೆಟ್ಟದಲ್ಲಿ. ಅಲ್ಲಿ ಮೂರು ಆಕರ್ಷಣೆ, ಮೂರಕ್ಕೂ ಬೇರೆ ಬೇರೆ ಟಿಕೆಟ್, ಸೇರಿಸಿ ಕೊಡುವ ಕಾಂಬೊ ಸಿಗುವುದೂ ಉಂಟು. ಕಾಂಬೊ ಅಗ್ಗ ಎಂದು ಎಲ್ಲರಿಗೂ ಕೊಂಡುಬಿಡುವ ಮುನ್ನ ಯಾರಿಗೆ ಯಾವುದು ಆಗುತ್ತದೆ ಎಂದು ಯೋಚಿಸಿ. ರೂಬಿ ಫಾಲ್ಸ್ ಎಂದರೆ ಬೆಟ್ಟದ ಹೊಟ್ಟೆಯೊಳಗೆ 145 ಅಡಿ ಬೀಳುವ ಜಲಪಾತ, 1928ರಲ್ಲಿ ಲಿಯೋ ಲ್ಯಾಂಬರ್ಟ್ ಪತ್ತೆಹಚ್ಚಿ ಹೆಂಡತಿ ರೂಬಿಯ ಹೆಸರಿಟ್ಟ. ಲಿಫ್ಟಿನಲ್ಲಿ 260 ಅಡಿ ಇಳಿದು, ಇಕ್ಕಟ್ಟಾದ, ಒದ್ದೆ, ಏರುಪೇರಿನ ಗುಹೆಯಲ್ಲಿ ಹೋಗಿ ಬಂದು ಸುಮಾರು ಒಂದು ಮೈಲಿ ನಡೆಯಬೇಕು. ಸ್ಟ್ರೋಲರ್, ವೀಲ್‌ಚೇರ್ ಬಿಡುವುದಿಲ್ಲ, ನಡುವೆ ಸುಸ್ತಾದರೆ ಕೂರಲು ಜಾಗವೂ ಇಲ್ಲ. ಉಸಿರಾಟದ ತೊಂದರೆ ಇರುವವರು ಬೇಡ. ರಾಕ್ ಸಿಟಿ ಬೆಟ್ಟದ ಮೇಲಿನ ಬಂಡೆಗಳ ನಡುವಿನ ಕಾಲುದಾರಿ. ದಪ್ಪಗಿರುವವರನ್ನು ನಗಿಸುವಷ್ಟು ಕಿರಿದಾದ ಸಂದು, ತೂಗು ಸೇತುವೆ, ಕೊನೆಗೆ 'ಏಳು ರಾಜ್ಯ ಕಾಣುತ್ತದೆ' ಎಂಬ ಬೋರ್ಡು. ಏಳು ಬಾವುಟ ಖಂಡಿತ ಕಾಣುತ್ತವೆ. ಮಕ್ಕಳಿಗೆ ಇದು ಪ್ರಾಣ. ಇನ್‌ಕ್ಲೈನ್ ಎಂಬ ಬೆಟ್ಟ ಹತ್ತುವ ರೈಲು 1895ರದು, ತುದಿಯಲ್ಲಿ 72.7 ಶೇಕಡಾ ಇಳಿಜಾರು. ಹಿರಿಯರಿಗೆ ಕೂತಲ್ಲೇ ಸಿಗುವ ರೋಮಾಂಚನ ಇದೊಂದೇ. ಹಳೆಯ ವ್ಯವಸ್ಥೆ, ಆಗಾಗ ರಿಪೇರಿಗೆಂದು ನಿಲ್ಲಿಸುತ್ತಾರೆ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಕೈ ಬಿಗಿಯಾಗಿದ್ದರೆ ಬೇರೆ ದಾರಿಯಿದೆ. ಲುಕ್‌ಔಟ್ ಬೆಟ್ಟದ ನೆತ್ತಿಗೆ ಕಾರಿನಲ್ಲೇ ಹೋಗಬಹುದು. ಅಲ್ಲಿರುವ ಪಾಯಿಂಟ್ ಪಾರ್ಕ್ ರಾಷ್ಟ್ರೀಯ ಉದ್ಯಾನದವರದ್ದು, ಟಿಕೆಟ್ ಕಡಿಮೆ, ಕೆಳಗೆ ಟೆನೆಸಿ ನದಿ ಬಳಸಿಕೊಂಡು ಹೋಗುವ ನೋಟ ಮೇಲಿನ ಮೂರರಷ್ಟೇ ಚೆನ್ನ. ಹತ್ತು ಮೈಲಿ ದಕ್ಷಿಣಕ್ಕೆ ಜಾರ್ಜಿಯಾದೊಳಗಿನ ಚಿಕಮಾಗ ರಣಭೂಮಿಗೆ ಪ್ರವೇಶ ಉಚಿತ, ಅಂತರ್ಯುದ್ಧದ ಭೀಕರ ಕದನಗಳಲ್ಲೊಂದು 1863ರಲ್ಲಿ ಅಲ್ಲಿ ನಡೆಯಿತು. ಕಾರಿನಿಂದ ಇಳಿಯದೆಯೂ ಸುತ್ತಬಹುದು.

ಅಕ್ವೇರಿಯಂ ಮಾತ್ರ ದುಡ್ಡು ಕೊಟ್ಟೂ ನೋಡಬೇಕಾದದ್ದು. ಒಂದು ಕಟ್ಟಡ ನದಿಗೆ, ಇನ್ನೊಂದು ಕಡಲಿಗೆ. ಎಸಿ ಇದೆ, ಕೂರಲು ಜಾಗ ಇದೆ, ಜುಲೈಗೆ ಹೇಳಿಮಾಡಿಸಿದ್ದು. ಅಟ್ಲಾಂಟಾದ ದೊಡ್ಡ ಅಕ್ವೇರಿಯಂ ಈಗಾಗಲೇ ನೋಡಿದ್ದರೆ ಇಲ್ಲಿ ನದಿಯ ಕಟ್ಟಡವೇ ಹೊಸದು ಅನ್ನಿಸುತ್ತದೆ. ಅದರ ಪಕ್ಕದಲ್ಲಿ ನೀರು ಹರಿಯುವ ಮೆಟ್ಟಿಲುಗಳಿವೆ, ಬೇಸಿಗೆಯಲ್ಲಿ ಮಕ್ಕಳು ಅಲ್ಲಿ ಒದ್ದೆಯಾಗಿ ಕುಣಿಯುತ್ತಿರುತ್ತಾರೆ. ಗೋಡೆಯ ಮೇಲಿನ ಮಣ್ಣಿನ ಬಿಲ್ಲೆಗಳನ್ನು ನೋಡಿದವರಿಗಷ್ಟೇ ತಿಳಿಯುತ್ತದೆ, ಅದು 1838ರಲ್ಲಿ ಚೆರೋಕೀ ಜನರನ್ನು ಅವರ ನೆಲದಿಂದ ಹೊರದಬ್ಬಿದ ಕಣ್ಣೀರಿನ ಹಾದಿಯ ಸ್ಮಾರಕ. ಅವರನ್ನು ದೋಣಿ ಹತ್ತಿಸಿದ ರಾಸ್ಸಸ್ ಲ್ಯಾಂಡಿಂಗ್ ಇದೇ ದಂಡೆ.

ಎಲೆ ಬಣ್ಣ ತಿರುಗುವ ಕಾಲಕ್ಕೆ ಇಲ್ಲಿಗೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ. ಊರೊಳಗೆ ರೂಮು ತುಟ್ಟಿಯಾದರೆ ಹ್ಯಾಮಿಲ್ಟನ್ ಪ್ಲೇಸ್ ಮಾಲ್ ಕಡೆ ಕಡಿಮೆಗೆ ಸಿಗುತ್ತದೆ. ಐ-75 ಮತ್ತು ಐ-24 ಸೇರುವ ಕಡೆ ಶುಕ್ರವಾರ ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಮಧ್ಯಾಹ್ನ ಎರಡರೊಳಗೆ ತಲುಪುವುದು ವಾಸಿ.

ಹಂಟ್ಸ್‌ವಿಲ್: ಒಂದೇ ಕಾರಣಕ್ಕೆ, ಆದರೆ ಆ ಕಾರಣ ದೊಡ್ಡದು

ಅಲಬಾಮಾದ ಈ ಊರಿಗೆ ಹೋಗುವುದು ರಾಕೆಟ್ ನೋಡಲು. ಚಂದ್ರನಿಗೆ ಮನುಷ್ಯರನ್ನು ಒಯ್ದ ಸ್ಯಾಟರ್ನ್ 5 ರೂಪುಗೊಂಡದ್ದು ಇಲ್ಲಿನ ನಾಸಾದ ಮಾರ್ಷಲ್ ಕೇಂದ್ರದಲ್ಲಿ. ಯುಎಸ್ ಸ್ಪೇಸ್ ಆ್ಯಂಡ್ ರಾಕೆಟ್ ಸೆಂಟರಿನ ಹೊರಗೆ ನೆಟ್ಟಗೆ ನಿಲ್ಲಿಸಿರುವುದು ನಕಲು, ಹೆದ್ದಾರಿಯಿಂದಲೇ ಕಾಣುತ್ತದೆ. ಅಸಲಿ ಒಳಗೆ ಮಲಗಿದೆ: 363 ಅಡಿ, ಹಂತಗಳನ್ನು ಬಿಡಿಸಿ ತಲೆಯ ಮೇಲೆ ಸಾಲಾಗಿ ಎತ್ತಿ ನಿಲ್ಲಿಸಿದ್ದಾರೆ. ಮೊದಲ ಹಂತದ ಐದು ಇಂಜಿನುಗಳ ಬಾಯಿಯ ಕೆಳಗೆ ನಿಂತು ಮೇಲೆ ನೋಡಿದಾಗ, 1969ರಲ್ಲಿ ರೇಡಿಯೋಗೆ ಕಿವಿ ಹಚ್ಚಿ ಚಂದ್ರನ ಸುದ್ದಿ ಕೇಳಿದ್ದ ನಮ್ಮ ಹಿರಿಯರಿಗೆ ಆಗುವ ಖುಷಿ ಮೊಮ್ಮಕ್ಕಳದಕ್ಕಿಂತ ಒಂದು ತೂಕ ಹೆಚ್ಚೇ. ನೆಲ ಮಟ್ಟಸ, ಎಸಿ, ವೀಲ್‌ಚೇರ್ ಎಲ್ಲೆಡೆ ಹೋಗುತ್ತದೆ. ಮಳೆಗಾಲಕ್ಕೂ ಜನವರಿಯ ಚಳಿಗೂ ಸರಿ.

ಬಾಗಿಲ ಹತ್ತಿರ ಒಂದು ಪುಟ್ಟ ಸಮಾಧಿಯಿದೆ, ಮೇಲೆ ಯಾರೋ ಇಟ್ಟುಹೋದ ಬಾಳೆಹಣ್ಣು. 1959ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಜೀವಂತ ಮರಳಿ 1984ರವರೆಗೆ ಬದುಕಿದ ಮಿಸ್ ಬೇಕರ್ ಎಂಬ ಪುಟ್ಟ ಕೋತಿಯದು ಅದು. ಮಕ್ಕಳ ಕೈಗೊಂದು ಬಾಳೆಹಣ್ಣು ಕೊಟ್ಟು ಕರೆದುಕೊಂಡು ಹೋಗಿ. ಖಗೋಳವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ 'ಚಂದ್ರ' ಎಕ್ಸ್‌ರೇ ದೂರದರ್ಶಕದ ಉಸ್ತುವಾರಿಯೂ ಇದೇ ಊರಿನ ಮಾರ್ಷಲ್ ಕೇಂದ್ರದ್ದು ಎಂದು ಅಜ್ಜನಿಗೆ ಹೇಳಿದರೆ ಒಂದು ಗಂಟೆ ಮಾತಿಗೆ ವಸ್ತು ಸಿಕ್ಕ ಹಾಗೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳಬೇಕು: ಇಲ್ಲಿ ಎಲ್ಲೆಲ್ಲೂ ಹೆಸರಿರುವ ವರ್ನರ್ ಫಾನ್ ಬ್ರಾನ್ ಇಲ್ಲಿಗೆ ಬರುವ ಮೊದಲು ಹಿಟ್ಲರನಿಗಾಗಿ ವಿ-2 ಕ್ಷಿಪಣಿ ಮಾಡಿದವನು, ಅದನ್ನು ಜೋಡಿಸಿದ್ದು ಸೆರೆಶಿಬಿರದ ಕೈದಿಗಳು.

ಇದಿಷ್ಟಕ್ಕೆ ಒಂದು ಪೂರ್ತಿ ದಿನ. ಎರಡನೇ ದಿನಕ್ಕೆ ಬಟಾನಿಕಲ್ ಗಾರ್ಡನ್, ಹಳೆಯ ಬಟ್ಟೆ ಗಿರಣಿಯನ್ನು ಕಲಾವಿದರ ಮಳಿಗೆಗಳಾಗಿಸಿದ ಲೋ ಮಿಲ್, ಮಾಂಟೆ ಸಾನೋ ಬೆಟ್ಟ ಇವೆ. ಚೆನ್ನಾಗಿವೆ, ಆದರೆ ಅವುಗಳಿಗಾಗಿಯೇ ಮೂರೂವರೆ ಗಂಟೆ ಯಾರೂ ಓಡಿಸುವುದಿಲ್ಲ. ಹಾಗಾಗಿ ಮೂರನೇ ದಿನ ಉಳಿಯುವ ಬದಲು ಚಟನೂಗದ ದಾರಿಯಲ್ಲಿ ಮರಳಿ. ನಡುವೆ ಸ್ಕಾಟ್ಸ್‌ಬರೊ ಸಿಗುತ್ತದೆ. ವಿಮಾನಗಳಲ್ಲಿ ಕಳೆದುಹೋಗಿ ವಾರಸುದಾರರು ಸಿಗದ ಸೂಟ್‌ಕೇಸುಗಳ ಸಾಮಾನನ್ನು ಮಾರುವ ಭಾರಿ ಅಂಗಡಿ ಅಲ್ಲಿದೆ. ನಾಲ್ಕು ತುಂಬಿದ ಸೂಟ್‌ಕೇಸು ತಳ್ಳಿಕೊಂಡು ಅಮೆರಿಕಕ್ಕೆ ಬಂದ ಅಮ್ಮಂದಿರು ಅಲ್ಲಿ ಒಂದೊಂದು ಸೀರೆ, ಒಂದೊಂದು ಸರ ಕಂಡಾಗಲೂ 'ಅಯ್ಯೋ ಪಾಪ' ಅನ್ನುತ್ತಲೇ ಕೊಳ್ಳುತ್ತಾರೆ.

ನಾಲ್ಕರಲ್ಲಿ ರೂಮಿನ ಬಾಡಿಗೆ ಹಿತವಾಗಿರುವುದು ಇಲ್ಲಿ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿ. ಎರಡೂ ಸೆಂಟ್ರಲ್ ಟೈಮ್: ಹೋಗುವಾಗ ಒಂದು ಗಂಟೆ ಲಾಭ, ಬರುವಾಗ ನಷ್ಟ. ಎಂಜಿನಿಯರುಗಳ ಊರಾದ್ದರಿಂದ ಪಕ್ಕದ ಮ್ಯಾಡಿಸನ್ ಕಡೆ ನಮ್ಮ ಊಟಕ್ಕೆ ತೊಂದರೆಯಿಲ್ಲ.

ಬರ್ಮಿಂಗ್‌ಹ್ಯಾಮ್: ಮಾತಾಡಬೇಕಾದ ಊರು

ಇದನ್ನು ಪಟ್ಟಿಯಲ್ಲಿ ಸೇರಿಸಿದರೆ 'ಅಲ್ಲೇನಿದೆ' ಎಂದು ಮೂಗು ಮುರಿಯುತ್ತಾರೆ. ನೋಟಕ್ಕೆಂದು ಹೋಗುವವರಿಗೆ ಅಷ್ಟೇನೂ ಇಲ್ಲ, ಒಪ್ಪುತ್ತೇನೆ. ಹೈಸ್ಕೂಲಿನ ಮಕ್ಕಳಿರುವ, ಪೇಪರು ಓದುವ ಅಪ್ಪ ಇರುವ ಮನೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚು, ಎದುರಿಗೆ ಕೆಲ್ಲಿ ಇನ್‌ಗ್ರಾಮ್ ಪಾರ್ಕು, ಪಕ್ಕದಲ್ಲಿ ನಾಗರಿಕ ಹಕ್ಕುಗಳ ಸಂಸ್ಥೆಯ ಮ್ಯೂಸಿಯಂ. ಮೂರೂ ಒಂದೇ ಚೌಕದ ಸುತ್ತ, ನಡಿಗೆ ಏನೇನೂ ಇಲ್ಲ. 1963ರ ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ ಆ ಚರ್ಚಿಗೆ ಬಿಳಿಯ ಜನಾಂಗವಾದಿಗಳು ಇಟ್ಟ ಬಾಂಬಿಗೆ ನಾಲ್ಕು ಹುಡುಗಿಯರು ಬಲಿಯಾದರು, ಮೂವರಿಗೆ 14 ವರ್ಷ, ಒಬ್ಬಳಿಗೆ 11. ಅದೇ ವರ್ಷದ ವಸಂತದಲ್ಲಿ ಈ ಪಾರ್ಕಿನಲ್ಲಿ ಶಾಲಾ ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟಿದ್ದರು, ಬೆಂಕಿ ಆರಿಸುವ ಪೈಪಿನಿಂದ ನೀರು ಹಾಯಿಸಿದ್ದರು. ಪಾರ್ಕಿನ ಕಾಲುದಾರಿಯ ಎರಡೂ ಕಡೆಯ ಗೋಡೆಗಳಿಂದ ಲೋಹದ ನಾಯಿಗಳು ನಿಮ್ಮ ಮೇಲೆ ನೆಗೆಯುತ್ತಿರುವಂತೆ ಶಿಲ್ಪ ಮಾಡಿದ್ದಾರೆ. ಹಲ್ಲು ಕಿರಿದ ಆ ಮುಖಗಳು ಸೊಂಟದೆತ್ತರಕ್ಕೆ ಚಾಚಿವೆ, ದಾರಿ ಅವುಗಳ ನಡುವೆಯೇ. ಸಣ್ಣ ಮಕ್ಕಳು ಅಲ್ಲಿ ಕೈ ಬಿಗಿ ಹಿಡಿಯುತ್ತಾರೆ. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಈ ಊರಿಗೆ ಕರೆತರುವುದು ಬೇಡ ಎನ್ನುವುದು ಇದಕ್ಕೇ.

ಮನಸ್ಸು ಹಗುರಾಗಲು ಬೆಟ್ಟದ ಮೇಲೆ ರೋಮನ್ನರ ಕಮ್ಮಾರ ದೇವರು ವಲ್ಕನ್ ಇದ್ದಾನೆ, 56 ಅಡಿ ಎತ್ತರದ ಎರಕದ ಕಬ್ಬಿಣದ ಮೂರ್ತಿ. 1904ರ ಸೇಂಟ್ ಲೂಯಿಸ್ ಮೇಳಕ್ಕೆಂದು ಮಾಡಿಸಿದ್ದು. ಕಮ್ಮಾರನ ಏಪ್ರನ್ ಮುಂದೆ ಮಾತ್ರ ಇದೆ, ಹಿಂದೆ ಏನೂ ಇಲ್ಲ. ಆ ಕಡೆ ಇರುವ ಹೋಮ್‌ವುಡ್ ಬಡಾವಣೆಯವರ ಮೇಲೆ ಊರಲ್ಲಿ ಜೋಕುಗಳಿಗೆ ಬರವಿಲ್ಲ, ನಮ್ಮ ಅಜ್ಜಿಯರೂ ಸೆರಗು ಬಾಯಿಗೆ ಒತ್ತಿ ನಗುತ್ತಾರೆ. 1882ರಿಂದ 1971ರವರೆಗೆ ಉರಿದ ಸ್ಲಾಸ್ ಕುಲುಮೆಗಳನ್ನು ಹಾಗೇ ಉಳಿಸಿದ್ದಾರೆ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವರು ನಿಮ್ಮ ಮನೆಯಲ್ಲಿದ್ದರೆ ಅಲ್ಲಿ ಅವರೇ ಗೈಡು.

ಬರ್ಮಿಂಗ್‌ಹ್ಯಾಮ್ ಆರಿಸಿದವರು ಒಂದು ದಿನವನ್ನು 90 ಮೈಲಿ ದಕ್ಷಿಣದ ಮಾಂಟ್‌ಗೊಮರಿಗೆ ಎತ್ತಿಡಿ. ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ 1955ರಲ್ಲಿ ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡದ ಊರು ಅದು. 2018ರಲ್ಲಿ ತೆರೆದ ಸ್ಮಾರಕದಲ್ಲಿ ಎಂಟುನೂರಕ್ಕೂ ಹೆಚ್ಚು ಉಕ್ಕಿನ ಕಂಬಗಳು ತೂಗುತ್ತಿವೆ. ಗುಂಪುಗಳು ಸೇರಿ ಕೊಂದ ಕರಿಯರ ಹೆಸರುಗಳನ್ನು ಒಂದೊಂದು ಕೌಂಟಿಗೆ ಒಂದೊಂದು ಕಂಬದ ಮೇಲೆ ಕೊರೆದಿದ್ದಾರೆ. ಕಂಬಗಳು ಮೊದಲು ಕಣ್ಣೆದುರಿಗೆ ಇರುತ್ತವೆ, ನೆಲ ಇಳಿಯುತ್ತ ಹೋದಂತೆ ತಲೆಯ ಮೇಲೆ ಹೋಗುತ್ತವೆ. ಈ ಸ್ಮಾರಕ, ಅದೇ ಸಂಸ್ಥೆಯ ಮ್ಯೂಸಿಯಂ, ಶಿಲ್ಪೋದ್ಯಾನ ಎಲ್ಲಕ್ಕೂ ಸೇರಿ ಟಿಕೆಟ್ ಐದೇ ಡಾಲರು. ಈ ಇಡೀ ಲೇಖನದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ವಾಪಸ್ ಕೊಡುವ ಜಾಗ ಇನ್ನೊಂದಿಲ್ಲ. ಸಾಮಾನ್ಯವಾಗಿ ಸೋಮವಾರ, ಮಂಗಳವಾರ ಮುಚ್ಚಿರುತ್ತಾರೆ, ಲಾಂಗ್ ವೀಕೆಂಡಿನ ಸೋಮವಾರಕ್ಕೆ ಇಟ್ಟುಕೊಂಡು ಕೆಡಬೇಡಿ. ಬರ್ಮಿಂಗ್‌ಹ್ಯಾಮ್‌ನ ಮ್ಯೂಸಿಯಮ್ಮಿನ ದಿನಗಳನ್ನೂ ನೋಡಿಕೊಂಡೇ ಹೊರಡಿ.

ಆ್ಯಶ್‌ವಿಲ್ ಯಾಕಿಲ್ಲ?

ಕೇಳಿಯೇ ಕೇಳುತ್ತೀರಿ. ನಾರ್ತ್ ಕೆರೊಲಿನಾದ ಆ್ಯಶ್‌ವಿಲ್ ಇವುಗಳಿಗಿಂತ ಚಿಕ್ಕದು, ಲಕ್ಷಕ್ಕೂ ಕಡಿಮೆ ಜನ. ಅಕ್ಟೋಬರ್‌ನಲ್ಲಿ ಬ್ಲೂ ರಿಜ್ ಪಾರ್ಕ್‌ವೇ ಮೇಲೆ ಕಾರಿನಲ್ಲಿ ಹೋಗುವ ಸುಖಕ್ಕೆ ಸಾಟಿಯಿಲ್ಲ, ಅದಕ್ಕೆ ಟಿಕೆಟ್ಟೂ ಇಲ್ಲ. ಆದರೆ 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತ ಆ ಭಾಗವನ್ನು ಕೊಚ್ಚಿಹಾಕಿತು. ಪಾರ್ಕ್‌ವೇಯ ಯಾವ ತುಂಡು ತೆರೆದಿದೆ ಎಂದು ಪಾರ್ಕಿನವರ ನಕ್ಷೆ ನೋಡದೆ ಹೊರಡಬೇಡಿ. 250 ಕೋಣೆಗಳ ಬಿಲ್ಟ್‌ಮೋರ್ ಬಂಗಲೆಗೆ ಒಬ್ಬರಿಗೆ ನೂರು ಡಾಲರಿನ ಆಸುಪಾಸು, ರಜಾ ದಿನಗಳಲ್ಲಿ ಅದಕ್ಕೂ ಹೆಚ್ಚು. ಮೈಸೂರು ಅರಮನೆ ನೋಡಿ ಬೆಳೆದ ಅಪ್ಪ-ಅಮ್ಮನಿಗೆ ಅಷ್ಟು ತೆತ್ತು ತೋರಿಸಬೇಕೇ, ನೀವೇ ಯೋಚಿಸಿ. ಶಾರ್ಲಟ್‌ನವರಿಗೆ ಒಂದೇ ದಿನದಲ್ಲಿ ಹೋಗಿ ಬರಲು ಚೆನ್ನ.

ಹಾಗಾದರೆ ಯಾರಿಗೆ ಯಾವುದು?

ನಿಧಾನಕ್ಕೆ ನಡೆಯುವ ಹಿರಿಯರಿದ್ದು, ಮಾರ್ಚ್ ಕೊನೆ, ಏಪ್ರಿಲ್ ಅಥವಾ ನವೆಂಬರ್‌ನಲ್ಲಿ ಹೊರಡುವುದಾದರೆ ಸವಾನಾ. ಬಾಡಿಗೆ ನೋಡಿ ಹಿಂಜರಿಯಬೇಡಿ, ಊರೊಳಗೆ ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಬಿಟ್ಟಿ. ಐದರಿಂದ ಹನ್ನೆರಡರ ಮಕ್ಕಳು, ಎರಡೇ ದಿನ, ಹೆಚ್ಚು ಡ್ರೈವ್ ಬೇಡ ಎಂದರೆ ಚಟನೂಗ. ಅಜ್ಜ-ಅಜ್ಜಿಯನ್ನು ಅಕ್ವೇರಿಯಂ ಮತ್ತು ಸೇತುವೆಯ ಬಳಿ ಬಿಟ್ಟು ಒಬ್ಬರು ಮಕ್ಕಳ ಜೊತೆ ಗುಹೆಗೆ ಹೋಗಬಹುದು. ಸುಡುವ ಜುಲೈ, ಕೊರೆಯುವ ಜನವರಿ, ಅಥವಾ ವಿಜ್ಞಾನದ ಹುಚ್ಚಿನ ಮಗಳು ಇದ್ದರೆ ಹಂಟ್ಸ್‌ವಿಲ್. ದೊಡ್ಡ ಮಕ್ಕಳು, ಸಣ್ಣ ಬಜೆಟ್ಟು ಇದ್ದರೆ ಬರ್ಮಿಂಗ್‌ಹ್ಯಾಮ್, ಜೊತೆಗೆ ಮಾಂಟ್‌ಗೊಮರಿ.

ಎರಡನ್ನು ಸೇರಿಸಬಹುದೇ ಎಂದು ಕೇಳುವವರಿಗೆ ಹಂಟ್ಸ್‌ವಿಲ್-ಚಟನೂಗ ಒಂದೇ ಹೊಂದುವ ಜೋಡಿ, ನಡುವೆ ಸುಮಾರು 100 ಮೈಲಿ. ಸವಾನಾಗೆ ಯಾವುದನ್ನೂ ಗಂಟು ಹಾಕಬೇಡಿ, ಮೂರು ದಿನದಲ್ಲಿ ಒಂದೂವರೆ ದಿನ ಕಾರಿನಲ್ಲೇ ಕಳೆಯುತ್ತದೆ.

ಬುಕಿಂಗಿನ ಕ್ರಮವೂ ಊರಿಗೆ ತಕ್ಕಂತೆ ಬದಲಾಗುತ್ತದೆ. ಸವಾನಾಗಾದರೆ ರೂಮು ಮೊದಲು, ವಸಂತಕ್ಕೆ ಎರಡು-ಮೂರು ತಿಂಗಳು ಮುಂಚೆ. ಚಟನೂಗಕ್ಕೆ ರೂಬಿ ಫಾಲ್ಸ್ ಸಮಯ ಗೊತ್ತುಮಾಡಿದ ಟಿಕೆಟ್ ಮೊದಲು, ಅದರ ಸುತ್ತ ಮಿಕ್ಕ ದಿನ ಹೊಂದಿಸಿ; ಬೆಳಗಿನ ಮೊದಲ ಸ್ಲಾಟುಗಳಲ್ಲಿ ಗುಹೆ ಖಾಲಿ ಇರುತ್ತದೆ. ಹಂಟ್ಸ್‌ವಿಲ್‌ಗೆ ಹಿಂದಿನ ವಾರ ನೋಡಿದರೂ ಸಾಕು, ರಾಕೆಟ್ ಸೆಂಟರಿನವರು ಮಕ್ಕಳಿಗೆ ನಡೆಸುವ ಬೇಸಿಗೆಯ ಸ್ಪೇಸ್ ಕ್ಯಾಂಪ್ ಇರುವ ವಾರಗಳನ್ನು ಬಿಟ್ಟು. ಬರ್ಮಿಂಗ್‌ಹ್ಯಾಮ್‌ಗೆ ಶರತ್ಕಾಲದ ಶನಿವಾರ ಹೋಗುವವರು ಒಂದು ಗಂಟೆ ದೂರದ ಟಸ್ಕಲೂಸಾದಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯ ಇದೆಯೇ ಎಂದು ನೋಡಿ. ಇದ್ದರೆ ರೂಮೂ ಸಿಗುವುದಿಲ್ಲ, ಐ-20ರಲ್ಲಿ ದಾರಿಯೂ ಸಿಗುವುದಿಲ್ಲ.